ಮಜ್ಜಿಗೆ ಕಾಲುವೆಗೊಂದು ಸೇತುವೆ

ದಾವಣಗೆರೆಗೆ ಸಮುದ್ರ ಇಲ್ಲ. ಬಂದರಂತೂ ಇಲ್ಲವೇ ಇಲ್ಲ. ಆದರೂ ಮೊನ್ನೆ ಸಂಜೆ ಮಂಡಕ್ಕಿ ಅಂಗಡಿಯಲ್ಲಿ ಕೂತು ನಾವು ನಾಲ್ಕು ಜನ ನ್ಯೂಯಾರ್ಕ್ ಬಂದರಿನಲ್ಲಿ ಒಂದು ಸೇತುವೆ ಕಟ್ಟಿದೆವು. ಎರಡು ಪ್ಲೇಟ್ ಮಿರ್ಚಿ ಮುಗಿಯುವಷ್ಟರಲ್ಲಿ ಕೆಡವಿದ್ದೂ ಆಯಿತು.

ಶುರು ಮಾಡಿದ್ದು ಬಸಣ್ಣ. ಅವರ ಅಳಿಯ ಅಲ್ಲಿದ್ದಾರೆ.

"ಗವರ್ನರ್ಸ್ ಐಲ್ಯಾಂಡ್ ಅಂತ ಒಂದು ದ್ವೀಪ. 172 ಎಕರೆ. ನಮ್ಮ ಕಾರು ತಗೊಂಡು ಹೋಗೋ ಹಾಗಿಲ್ಲ. ನಡೀಬೇಕು, ಇಲ್ಲ ಸೈಕಲ್ ಹೊಡೀಬೇಕು. ಆದ್ರೆ ಅಲ್ಲಿಗೆ ಹೋಗೋಕೆ ದೋಣಿ ಕಾಯಬೇಕು. ಹೋದ ವಾರ ಅಳಿಯಂಗೆ ದೋಣಿ ತಪ್ಪಿ ಹೋಯ್ತು. ನಡೆಯೋರಿಗೆ, ಸೈಕಲ್‌ನವರಿಗೆ ಅಂತ ಒಂದು ಸೇತುವೆ ಕಟ್ಟಿದ್ರೆ ಆಗಲ್ವಾ?"

ನಾನು ಮೊಬೈಲ್ ತೆಗೆದು ನೋಡಿದೆ. ಆ ದ್ವೀಪದ ಅರ್ಧಕ್ಕಿಂತ ಜಾಸ್ತಿ ಭಾಗ ಸುರಂಗ ರೈಲಿಗೆ ತೋಡಿದ ಮಣ್ಣು ತಂದು ಸುರಿದಿದ್ದಂತೆ.

"ಹಾಗಾದ್ರೆ ಸೇತುವೆ ಯಾಕಣ್ಣ? ಇನ್ನೂ ನಾಲ್ಕು ಟ್ರ್ಯಾಕ್ಟರ್ ಲೋಡ್ ಹೊಡೆಸಿದ್ರೆ ಆಯ್ತು" ಅಂದ ಮಂಜ.

ನ್ಯೂಯಾರ್ಕಿನದೇ ಭಾಗವಾದ ಬ್ರೂಕ್ಲಿನ್ ಕಡೆಯಿಂದ ದ್ವೀಪ ಸುಮಾರು 400 ಮೀಟರ್. ನಡುವಿನ ನೀರಿಗೆ ಬಟರ್‌ಮಿಲ್ಕ್ ಚಾನೆಲ್ ಅಂತ ಹೆಸರು.

"ಮಜ್ಜಿಗೆ ಕಾಲುವೆ!" ರಫೀಕ್ ಭಾಯ್ ಚಹಾ ಕೆಳಗಿಟ್ಟರು. "ಬೆಣ್ಣೆ ನಮ್ಮೂರಿಗೆ ಬಂತು, ಮಜ್ಜಿಗೆ ಅಲ್ಲಿಗೆ ಹೋಯ್ತು ನೋಡಿ."

ಹಿಂದೆ ನೀರಿಳಿದಾಗ ದನಗಳು ನಡೆದೇ ಆಚೆ ಹೋಗುತ್ತಿದ್ದವು ಅಂತ ಅಲ್ಲೊಂದು ಹಳೇ ಕತೆ ಇದೆ. ಇದನ್ನು ನಾನು ಹೇಳಬಾರದಿತ್ತು. ಬಸಣ್ಣ ಎದ್ದೇ ನಿಂತರು. "ದನ ನಡೆದು ಹೋದ ಕಡೆ ನನ್ನ ಅಳಿಯ ದೋಣಿ ಕಾಯಬೇಕಾ?"

ಎರಡು ಪ್ಲೇಟ್ ಪಕ್ಕಪಕ್ಕ ಸರಿಸಿದರು. ಈ ಕಡೆ ಮಂಡಕ್ಕಿ, ಬ್ರೂಕ್ಲಿನ್. ಆ ಕಡೆ ಈರುಳ್ಳಿ, ದ್ವೀಪ. ಉದ್ದನೆಯ ಮಿರ್ಚಿ ಒಂದನ್ನು ಆರಿಸಿ ಅಡ್ಡ ಇಟ್ಟರು. "ಆಯ್ತು ಸೇತುವೆ."

ರಫೀಕ್ ಭಾಯ್‌ಗೆ ಮೂವತ್ತು ವರ್ಷದಿಂದ ಸೈಕಲ್ ಅಂಗಡಿ. ಅವರು ಏನೂ ಮಾತಾಡದೆ ನೀರಿನ ಲೋಟವನ್ನು ಎರಡು ಪ್ಲೇಟಿನ ಮಧ್ಯೆ ಮೆಲ್ಲಗೆ ತಳ್ಳಿದರು. ಲೋಟ ಮಿರ್ಚಿಗೆ ಬಡಿಯಿತು. ಹಿಟ್ಟಿನ ಚೂರು ಉದುರಿತು.

"ಇದು ಹಡಗು. ಎಲ್ಲಿ ಹೋಗ್ಬೇಕು?"

ಆ ಕಾಲುವೆ ಪಕ್ಕದ ಕಟ್ಟೆಗೆ ಕ್ವೀನ್ ಮೇರಿ 2 ಅನ್ನೋ ಪ್ರವಾಸಿ ಹಡಗು ಬಂದು ನಿಂತಿದ್ದಿದೆ. ನೀರಿನ ಮೇಲೆ 62 ಮೀಟರ್ ಎತ್ತರ. ರಫೀಕ್ ಭಾಯ್ ಪೇಪರ್ ಅಂಚಿನಲ್ಲಿ ಲೆಕ್ಕ ಹಾಕಿದರು. 20 ಮೀಟರ್‌ಗೆ 1 ಮೀಟರ್ ಏರು ಇದ್ದರೆ ತುಳಿಯಬಹುದು. ಅದಕ್ಕಿಂತ ಜಾಸ್ತಿ ಆದ್ರೆ ಇಳಿದು ತಳ್ಳಬೇಕು. ಅಂಥ ಹಡಗು ಕೆಳಗೆ ಹೋಗಬೇಕು ಅಂದ್ರೆ ಏರೋದೇ 1,240 ಮೀಟರ್. ಇಳಿಯೋದು ಮತ್ತೆ ಅಷ್ಟೇ. ಕಾಲುವೆ ಇರೋದು 400.

"ಚಕ್ಕುಲಿ ತರ ಸುತ್ತಿಸಿದ್ರೆ?" ಅಂದ ಮಂಜ.

"ಸುತ್ತಿಸು. ತುದಿಯಲ್ಲಿ ನಿನ್ನ ಬ್ರೇಕ್ ಕಟ್ಟೆ ಸವೆದಿರುತ್ತೆ. ಕೆಳಗೆ ನಾನು ಅಂಗಡಿ ಹಾಕ್ತೀನಿ."

ರೋಪ್‌ವೇ ಮಾತೂ ಬಂತು. 2006ರಲ್ಲಿ ಕಲಾತ್ರಾವ ಅನ್ನೋ ದೊಡ್ಡ ವಾಸ್ತುಶಿಲ್ಪಿ ಅದರ ನಕ್ಷೆಯನ್ನೇ ಮಾಡಿಕೊಟ್ಟಿದ್ದರು. ಕೆಲಸ ಮುಂದೆ ಹೋಗಲಿಲ್ಲ.

ಬಸಣ್ಣ ಸೋಲಲಿಲ್ಲ. "ಹಡಗು ಬಂದಾಗ ಮೇಲೆ ಎತ್ತೋ ಸೇತುವೆ ಮಾಡ್ಲಿ. ಹೋದ್ಮೇಲೆ ಇಳಿಸ್ಲಿ."

ಮೂವರೂ ಒಟ್ಟಿಗೆ ಅಂದೆವು, "ರೈಲ್ವೆ ಗೇಟ್!"

ಅದರ ಕಷ್ಟ ನನಗೆ ಗೊತ್ತು. ಒಮ್ಮೆ ಬೆಣ್ಣೆ ದೋಸೆ ಪಾರ್ಸಲ್ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಗೂಡ್ಸ್ ಗಾಡಿ ಹೋಯಿತು, ಗೇಟ್ ಏಳಲಿಲ್ಲ. ಎದುರಿನಿಂದ ಇನ್ನೊಂದು ಬಂತು. ಮನೆಗೆ ಬಂದು ಬಿಚ್ಚಿದರೆ ಬೆಣ್ಣೆಯೆಲ್ಲ ಪೇಪರ್‌ಗೆ, ದೋಸೆ ರೊಟ್ಟಿಯಷ್ಟು ಗಟ್ಟಿ. ಗೇಟಿಗಿಂತ ದೋಣಿ ವಾಸಿ ಅಂತ ನನ್ನ ಅಭಿಪ್ರಾಯ. ಅದಕ್ಕೆ ಟೈಮ್ ಆದರೂ ಇರುತ್ತದೆ. ಅಲ್ಲದೆ ಸೈಕಲ್‌ಗೆ ಅಂತ ಕಟ್ಟಿದ ಸೇತುವೆ ಮೇಲೆ ಮಂಜನ ಬುಲೆಟ್ ಎರಡನೇ ದಿನವೇ ಹತ್ತುತ್ತದೆ.

"ಮೊದಲನೇ ದಿನ" ಅಂದ ಮಂಜ.

ಬಸಣ್ಣ ಮೊಬೈಲ್ ಬಾಯಿ ಹತ್ತಿರ ಹಿಡಿದು ಮೆಸೇಜ್ ಕಳಿಸಿದರು. "ಅಳಿಯಂದಿರೇ, ಸೇತುವೆ ಸದ್ಯಕ್ಕೆ ಆಗಲ್ಲ. ಮುಂದಿನ ವಾರ ಹತ್ತು ನಿಮಿಷ ಬೇಗ ಹೊರಡಿ."

ಕೆಳಗೆ ನೋಡಿದರೆ ಪ್ಲೇಟಿನ ಮೇಲೆ ಬರೀ ತೊಟ್ಟು ಉಳಿದಿತ್ತು. ಮಂಜ ಹಡಗು ಎತ್ತಿಕೊಂಡು ಗಟಗಟ ನೀರು ಕುಡಿಯುತ್ತಿದ್ದ.