ಅಫಾನ್ ಒರೊಮೋ: ಸೊನ್ನೆಯಿಂದ ಶುರು ಮಾಡೋರು ಮೊದಲು ಏನು ಕಲೀಬೇಕು?

ಪ್ರಶ್ನೆ (ಹೊಸಬ):
ಇಥಿಯೋಪಿಯಾದ ಒರೊಮೊ ಭಾಷೆ ಕಲಿಯಲು ಹೊರಟಿದ್ದೇನೆ. ಲಿಪಿ ಲ್ಯಾಟಿನ್, ಆದರೂ ನಾನು ಓದುವುದಕ್ಕೂ ಆಡಿಯೋದಲ್ಲಿ ಕೇಳಿಸುವುದಕ್ಕೂ ತಾಳೆ ಇಲ್ಲ. ಅಕ್ಷರ ಮೊದಲೋ ವ್ಯಾಕರಣ ಮೊದಲೋ? ನೋಟ್ಸನ್ನು ಕನ್ನಡದಲ್ಲಿ ಬರೆದುಕೊಂಡರೆ ನಡೆಯುತ್ತಾ?

ಉತ್ತರ 1 (ಕುಬೀ ಓದುಗ):
ಅಕ್ಷರವೇ ಮೊದಲು. ಈ ಲಿಪಿಯ ಹೆಸರು ಕುಬೀ, 1991ರಲ್ಲಿ ಅಧಿಕೃತವಾಯಿತು. ಇದನ್ನು ಇಂಗ್ಲಿಷ್ ಥರ ಓದಿದರೆ ಕೆಟ್ಟಿರಿ. 'ಎಕ್ಸ್' ಕಂಡರೆ ಕ್ಸ ಅಲ್ಲ, ಅದೊಂದು ತ. 'ಕ್ಯೂ' ಒಂದು ಕ, 'ಸಿ' ಒಂದು ಚ, 'ಪಿಎಚ್' ಒಂದು ಪ. ನಮ್ಮ ಮಾಮೂಲಿ ಚ ಬೇಕಿದ್ದರೆ 'ಸಿಎಚ್' ಅಂತ ಬರೆಯುತ್ತಾರೆ.

ಮೊದಲ ನಾಲ್ಕೂ ಸಿಡಿಯುವ ಧ್ವನಿಗಳು. ಉಸಿರನ್ನು ಗಂಟಲಲ್ಲೇ ಬಿಗಿಹಿಡಿದು 'ಕ್' ಅನ್ನಿ. ಉಸಿರು ಬಿಡದೆಯೂ ಟಕ್ ಅಂತ ಕೇಳಿಸಿದರೆ ಅದೇ 'ಕ್ಯೂ'. ನಮ್ಮವರು ಮಾಡುವ ತಪ್ಪು ಒಂದೇ: ಒತ್ತಿ ಹೇಳಲು ಹೋಗಿ ಖ, ಥ ಮಾಡಿಬಿಡುತ್ತಾರೆ. ಗಾಳಿ ಹೊರಬಿದ್ದರೆ ಅಕ್ಷರವೇ ಬದಲಾಯಿತು.

'ಡಿಎಚ್' ನೋಡಿ ಧ ಅನ್ನಬೇಡಿ. ನಾಲಿಗೆ ಡ ಹೇಳುವಂತೆ ಮಡಚಿ, ಗಾಳಿಯನ್ನು ಹೊರಗೆ ತಳ್ಳುವ ಬದಲು ಗುಟುಕಿನಂತೆ ಒಳಗೆ ಎಳೆಯಿರಿ. ಪದದ ನಡುವೆ ಬರುವ ಅಪಾಸ್ಟ್ರಫಿ (') ಗುರುತು ಗಂಟಲಿನ ತಡೆ: ಜ'ಅ, ಅಂದರೆ ಆರು.

ಹ್ರಸ್ವ-ದೀರ್ಘ, ಒತ್ತಕ್ಷರ ಮಾತ್ರ ಕನ್ನಡ ಕಿವಿಗೆ ಸಲೀಸು. 'ಲಫ' ನೆಲ, 'ಲಾಫಾ' ಮೃದು. 'ಬದಾ' ಕೆಟ್ಟದ್ದು, 'ಬದ್ದಾ' ಎತ್ತರದ ತಂಪು ಸೀಮೆ. 'ಸೊದಾ' ಭಯ, 'ಸೊದ್ದಾ' ಮದುವೆಯಿಂದಾದ ನೆಂಟ (ಎರಡೂ ಒಂದೇ ಅನ್ನುವವರು ಇರಬಹುದು, ಭಾಷೆ ಒಪ್ಪುವುದಿಲ್ಲ). ಬರಹದಲ್ಲಿ ಸ್ವರ ಎರಡು ಸಲ ಬಂದರೆ ದೀರ್ಘ, ವ್ಯಂಜನ ಎರಡು ಸಲ ಬಂದರೆ ಒತ್ತು. 'ಡಿಎಚ್', 'ಸಿಎಚ್' ಥರದ ಜೋಡಿ ಅಕ್ಷರಗಳನ್ನು ಮಾತ್ರ ಒತ್ತು ಇದ್ದರೂ ಎರಡು ಸಲ ಬರೆಯುವುದಿಲ್ಲ. ಅಲ್ಲಿ ಕಿವಿಯನ್ನೇ ನಂಬಬೇಕು.

ಉತ್ತರ 2 (ಕ್ರಿಯಾಪದ):
ವ್ಯಾಕರಣದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನೆಮ್ಮದಿ. ಎಡವುವುದು ವಿಭಕ್ತಿಯಲ್ಲಿ. ಕನ್ನಡದಲ್ಲಿ ಕರ್ತೃ ಬರಿಗೈ, ಕರ್ಮಕ್ಕೆ 'ಅನ್ನು'. ಅಲ್ಲಿ ಕರ್ಮ ಬರಿಗೈ, ಕರ್ತೃವಿಗೇ ಪ್ರತ್ಯಯ. ನಿಘಂಟಿನಲ್ಲಿ ಸಿಗುವುದೂ ಆ ಬರಿಗೈ ರೂಪವೇ.

ನಮಿಚಿ ಲೇನ್ಚ ಅರ್ಗೆ: ಆ ಮನುಷ್ಯ ಸಿಂಹವನ್ನು ಕಂಡ.
ಲೇನ್ಚಿ ನಮಿಚ ಅರ್ಗೆ: ಸಿಂಹ ಆ ಮನುಷ್ಯನನ್ನು ಕಂಡಿತು.

ಕೊನೆಯ ಒಂದು ಸ್ವರದಲ್ಲಿ ಯಾರು ಯಾರನ್ನು ಕಂಡರು ಅನ್ನೋದು ತಿರುಗಿಬಿತ್ತು. ದೀರ್ಘ ಸ್ವರದಲ್ಲಿ ಮುಗಿಯುವ ಪದಕ್ಕೆ 'ನ್' ಸೇರಿಸಿದರೆ ಸಾಕು: 'ಮಕಾ' ಹೆಸರು, 'ಮಕಾನ್ ಕೋ' ನನ್ನ ಹೆಸರು. 'ನನ್ನ' ಹಿಂದೆ ಬಂತು ನೋಡಿ. ವಿಶೇಷಣವೂ ಹಾಗೇ: 'ಮನ ಗುದ್ದಾ', ಅಕ್ಷರಶಃ 'ಮನೆ ದೊಡ್ಡ', ಅಂದರೆ ದೊಡ್ಡ ಮನೆ.

ಕುಡಿಯುವುದು 'ಡುಗೂ' (ಡ ಎಲ್ಲ ಒಳಗೆಳೆಯುವ ಡ). ವರ್ತಮಾನ: ನಾನು ಡುಗ, ನೀನು ಡುಗ್ದ, ಅವನು ಡುಗ, ಅವಳು ಡುಗ್ದಿ, ನಾವು ಡುಗ್ನ, ನೀವು ಡುಗ್ದು, ಅವರು ಡುಗು. ಮಧ್ಯಮ ಪುರುಷದ ಪ್ರತ್ಯಯ 'ತ', ಗಕಾರದ ಪಕ್ಕ ಕೂತು 'ದ' ಆಗಿದೆ. ಹೋಗುವುದು 'ದೇಮೂ', ಅಲ್ಲಿ 'ದೇಮ್ತ' ಅಂತ ಹಾಗೇ ಉಳಿಯುತ್ತದೆ. 'ನಾನು', 'ಅವನು' ಒಂದೇ ರೂಪವಾದ್ದರಿಂದ ನಾನು ಅನ್ನಲು ಮುಂದೆ 'ನನ್' ಬರುತ್ತದೆ: ಬುನ ನನ್ ಡುಗ, ನಾನು ಕಾಫಿ ಕುಡಿಯುತ್ತೇನೆ.

ನಿಷೇಧಕ್ಕೆ 'ಹಿನ್' ಹಾಕಿದರೆ ಸಾಲದು, ಕೊನೆಯೂ ಬದಲಾಗಬೇಕು. 'ಹಿನ್ ಡುಗು' ಅಂದರೆ ನಾನು (ಅಥವಾ ಅವನು) ಕುಡಿಯುವುದಿಲ್ಲ. ಭೂತಕಾಲದಲ್ಲಿ ಎಲ್ಲರಿಗೂ ಒಂದೇ: 'ಹಿನ್ ಡುಗ್ನೆ'. ಇಲ್ಲಿ 'ಹಿನ್' ನುಂಗಿದರೆ 'ನಾವು ಕುಡಿದೆವು' ಅಂತಾಗುತ್ತದೆ, ಪೂರಾ ಉಲ್ಟಾ.

ಉತ್ತರ 3 (ಬಿತಚೂ):
ಮೇಲಿನದೆಲ್ಲ ಸರಿ, ಆದರೆ ಹೆದರಿಸುವಷ್ಟೇನೂ ಇಲ್ಲ. ಕನ್ನಡಿಗರಿಗೆ ಪುಕ್ಕಟೆ ಸಿಗುವುದೂ ಇದೆ. ಪ್ರಶ್ನೆಗೆ ಕೊನೆಯ ಸ್ವರ ಎಳೆದರೆ ಸಾಕು: 'ಬುನ ನಿ ಡುಗ್ದಾ?', ಕಾಫಿ ಕುಡೀತೀಯಾ? ನಮ್ಮ 'ಇಸು' ಅಲ್ಲೂ ಉಂಟು: 'ಞಾಚೂ' ತಿನ್ನುವುದು, 'ಞಾಚಿಸೂ' ತಿನ್ನಿಸುವುದು. (ಞ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು.) 'ಕೊಳ್ಳು' ಕೂಡ ಇದೆ: 'ಬಿತೂ' ಕೊಳ್ಳುವುದು, 'ಬಿತಚೂ' ತನಗಾಗಿ ಕೊಂಡುಕೊಳ್ಳುವುದು. ಇದರಲ್ಲೊಂದು ಗುಂಡಿ: ನಾನು 'ಬಿತಡ', ನೀನು 'ಬಿತತ್ತ', ಅವನು 'ಬಿತತ'. ಕೇಳಿದ್ದು 'ಬಿತಡ' ಆದರೆ ನಿಘಂಟಿನಲ್ಲಿ ಹುಡುಕಬೇಕಾದದ್ದು 'ಬಿತಚೂ'.

ಮರ್ಯಾದೆಗೆ ಬಹುವಚನವೂ ನಮ್ಮ ಹಾಗೇ. ಗೆಳೆಯನಿಗೆ 'ಅಕ್ಕಮ್ ಜಿರ್ತ?', ಹಿರಿಯರಿಗೆ 'ಅಕ್ಕಮ್ ಜಿರ್ತು?', ಹೇಗಿದ್ದೀರಿ. ಥ್ಯಾಂಕ್ಸ್‌ಗೆ 'ಗಲತೋಮಿ', ಹಿರಿಯರಿಗೆ 'ಗಲತೋಮಾ'. ಅರ್ಥವಾಗದಿದ್ದರೆ 'ನಾಫ್ ಹಿನ್ ಗಲ್ಲೆ', ಅಕ್ಷರಶಃ 'ನನಗೆ ಒಳಹೋಗಲಿಲ್ಲ'.

ನೋಟ್ಸ್ ಬಗ್ಗೆ: ಕನ್ನಡ ಲಿಪಿ ಎ-ಏ, ಒ-ಓ ಬೇರೆ ತೋರಿಸುತ್ತದೆ, ಆದರೆ 'ಕೆ' ಮತ್ತು 'ಕ್ಯೂ' ಎರಡಕ್ಕೂ ಕ ಒಂದೇ. ಮೇಲೆ ಬರೆದ 'ಮಕಾ'ದಲ್ಲಿ ಇರುವುದು 'ಕ್ಯೂ', ಕನ್ನಡದಲ್ಲಿ ಅದು ಗೊತ್ತೇ ಆಗದು. ಅದಕ್ಕೇ ಪದವನ್ನು ಕುಬೀಯಲ್ಲಿ, ಅರ್ಥವನ್ನು ಕನ್ನಡದಲ್ಲಿ ಬರೆಯಿರಿ. ಆಡಿಯೋಗೆ ಬಿಬಿಸಿಯ ಒರೊಮೊ ಸೇವೆ 2017ರಿಂದ ಇದೆ. ದಿನಕ್ಕೆ ಅರ್ಧ ನಿಮಿಷದ ತುಣುಕು ಸಾಕು: ಕೇಳಿ, ಬರೆದು, ದೀರ್ಘಗಳಿಗೆ ಗೆರೆ ಎಳೆದು, ಮತ್ತೆ ಕೇಳಿ. ಪ್ರಾಂತಭೇದಕ್ಕೆ ಗಾಬರಿ ಬೇಡ. 'ಅವಳು' ಒಂದು ಕಡೆ 'ಇಶೇನ್', ಇನ್ನೊಂದು ಕಡೆ 'ಇಸೀನ್'.

ಹೊಸಬ:
ಉಪಕಾರವಾಯಿತು. ಇನ್ನೊಂದು: ಪಾಠದಲ್ಲಿ 'ಗನಮ ಸ'ಆತೀ ಲಮ' ಅಂತಿದೆ. ಗನಮ ಬೆಳಿಗ್ಗೆ, ಲಮ ಎರಡು. ಬೆಳಗಿನ ಎರಡು ಗಂಟೆಗೆ ಕ್ಲಾಸಾ?

ಉತ್ತರ 2 (ಕ್ರಿಯಾಪದ):
ಅಲ್ಲ, ಎಂಟು ಗಂಟೆ. ಇಥಿಯೋಪಿಯಾದಲ್ಲಿ ಹಗಲಿನ ಎಣಿಕೆ ನಮ್ಮ ಬೆಳಗಿನ ಆರರಿಂದ ಶುರು, ರಾತ್ರಿಯದು ಸಂಜೆ ಆರರಿಂದ. ಅವರು ಹೇಳಿದ್ದಕ್ಕೆ ಆರು ಸೇರಿಸಿ. 'ಗಲ್ಗಲ ಸ'ಆತೀ ಲಮ' ರಾತ್ರಿ ಎಂಟು. ಭೇಟಿ ಗೊತ್ತುಮಾಡುವಾಗ ಯಾವ ಲೆಕ್ಕದ ಗಂಟೆ ಅಂತ ಕೇಳಿಬಿಡಿ.