ಗೌರವ ಫಲಕದ ಚಿನ್ನದಕ್ಷರ ಕಪ್ಪಾಗಿದೆ, ಪಾಲಿಶ್ ಬಿಳಿಚಿದೆ: ಪರಿಹಾರ ತಿಳಿಸಿ

ಮೆಲ್ಬರ್ನ್‌ವಾಸಿ: ಇಲ್ಲಿನ ಸಭಾಭವನವೊಂದರಲ್ಲಿ, ಮೊದಲ ಮಹಾಯುದ್ಧಕ್ಕೆ ಹೋದ ಸದಸ್ಯರ ಹೆಸರುಗಳನ್ನು ಆಡ್‌ಫೆಲೋಸ್ ಎಂಬ ಪರಸ್ಪರ ನೆರವಿನ ಸಂಘದ ಲಾಡ್ಜಿನವರು (ಸ್ಥಳೀಯ ಶಾಖೆಯವರು) ಬರೆಸಿಟ್ಟ ಮರದ ಫಲಕವಿದೆ; ನೆತ್ತಿಯಲ್ಲಿ ಮೂರು ಕೊಂಡಿಗಳ ಸರಪಳಿಯನ್ನು ಕೆತ್ತಿದ್ದಾರೆ. ಎಷ್ಟು ಒರೆಸಿದರೂ ಮಂಕು ಹೋಗುತ್ತಿಲ್ಲ. ಆ ಯುದ್ಧ ನಿಂತ ದಿನವಾದ ನವೆಂಬರ್ 11ರ ಸ್ಮರಣೆಯೊಳಗೆ ಮುಗಿಯಬೇಕು. ಏನು ಹಚ್ಚಬೇಕು?

ಬೀಟೆಮರ: ಅದು ಅರಗಿನ ಪಾಲಿಶ್, ಅನುಮಾನವೇ ಬೇಡ. ತೇವ ಹೊಕ್ಕರೆ ಬಿಳಿಚುತ್ತದೆ. ಸ್ಪಿರಿಟ್ ಸೋಕಿಸಿದ ಬಟ್ಟೆಯನ್ನು ಹಗುರವಾಗಿ ಎಳೆದರೆ ಮೇಲ್ಪದರ ಕರಗಿ ಮತ್ತೆ ಕೂರುತ್ತದೆ. ನಮ್ಮ ಮನೆಯ ಬೀಟೆ ಮಂಚಗಳೆಲ್ಲ ಹೀಗೆಯೇ ಕನ್ನಡಿಯಂತಾಗಿವೆ.

ಬರಹಗಾರ: ಮಂಚದ ಮೇಲೆ ಹೆಸರುಗಳಿರುವುದಿಲ್ಲ, ಸರ್. ಪಾಲಿಶ್ ಕರಗಿದರೆ ಅದರ ಮೇಲಿನ ಅಕ್ಷರವೂ ಎದ್ದು ಬರುತ್ತದೆ. ಅಪ್ಪಟ ಚಿನ್ನದ ರೇಕು ಕಪ್ಪಾಗುವುದಿಲ್ಲ. ಆದ್ದರಿಂದ ಇದು ಕಂಚಿನ ಪುಡಿಯ ಬಣ್ಣವಾಗಿರಬೇಕು, ಇಲ್ಲವೇ ಮೇಲೆ ಮಸಿ ಕೂತಿರಬೇಕು. ಫಲಕವನ್ನು ಎಲ್ಲಿ ತೂಗುಹಾಕಿದ್ದರು?

ಬೀಟೆಮರ: ಚಿನ್ನವೋ ಕಂಚೋ ಎಂಬುದು ಆಮೇಲಿನ ಮಾತು. ಮೊದಲು ಸ್ಪಿರಿಟ್ ಪ್ರಯೋಗಿಸಲಿ.

ಮೆಲ್ಬರ್ನ್‌ವಾಸಿ: ಅಗ್ಗಿಷ್ಟಿಕೆಯ ಮೇಲಿತ್ತು. ಕೆಲವು ಹೆಸರುಗಳ ಪಕ್ಕದ ಪುಟ್ಟ ಶಿಲುಬೆಗಳೂ ಮಾಸಿರುವುದರಿಂದ, ಎಲ್ಲವನ್ನೂ ಕೆರೆದು ಹೊಸದಾಗಿ ಬರೆಸೋಣ ಎನ್ನುತ್ತಿದ್ದಾರೆ.

ಹಳೆಕಡತ: ದಯವಿಟ್ಟು ಕೆರೆಯಲು ಬಿಡಬೇಡಿ. ಕಡ್ಡಾಯ ಸೇನಾಭರ್ತಿಯನ್ನು ಆಸ್ಟ್ರೇಲಿಯಾದ ಮತದಾರರು 1916ರಲ್ಲೂ 1917ರಲ್ಲೂ ತಿರಸ್ಕರಿಸಿದ್ದರಿಂದ, ಸಾಗರದಾಚೆ ಹೋರಾಡಿದ ಅವರ ಪಡೆ ಸ್ವಯಂಪ್ರೇರಿತರದ್ದೇ ಆಗಿತ್ತು; ಹೀಗಾಗಿಯೇ ಇಂಥ ಫಲಕಗಳಲ್ಲಿ ಮಡಿದವರ ಜೊತೆಗೆ ಮರಳಿ ಬಂದವರ ಹೆಸರೂ ಇರುತ್ತದೆ. ಶಿಲುಬೆ ಸಾಮಾನ್ಯವಾಗಿ ಮಡಿದವರ ಗುರುತು. ಅದೊಂದು ಅಳಿಸಿಹೋದರೆ ಸತ್ತವನು ಬದುಕಿ ಬಂದವನಾಗಿಬಿಡುತ್ತಾನೆ. ಕಾಯಿಲೆಗೆ ಭತ್ಯೆ, ಶವಸಂಸ್ಕಾರಕ್ಕೆ ಹಣ ಕೊಡುತ್ತಿದ್ದ ಈ ಸಂಘಗಳಲ್ಲಿ ಹಲವು, ರಣರಂಗದಲ್ಲಿದ್ದ ಸದಸ್ಯರ ವಂತಿಗೆಯನ್ನು ತಾವೇ ಭರಿಸಿ ಅವರ ಸದಸ್ಯತ್ವ ಉಳಿಸಿದ್ದವು. ಆ ಋಣಾನುಬಂಧದ ದಾಖಲೆ ಇದು. ಮುಟ್ಟುವ ಮೊದಲು ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ಪ್ರತಿ ಸಾಲಿನ ಫೋಟೊ ತೆಗೆಯಿರಿ. ಬಣ್ಣ ಹೋದ ಕಡೆಯೂ ಕುಂಚದ ಅಂಚು ನೆರಳಾಗಿ ಕಾಣುವುದುಂಟು.

ಬರಹಗಾರ: ಬಳಿಕ ಹತ್ತಿಯನ್ನು ಎಂಜಲಿನಲ್ಲಿ ತೇವ ಮಾಡಿ, ಅಕ್ಷರವಿಲ್ಲದ ಮೂಲೆಯೊಂದರಲ್ಲಿ ಉರುಳಿಸಿ ನೋಡಿ, ಉಜ್ಜಬೇಡಿ. ವಸ್ತುಸಂಗ್ರಹಾಲಯದ ಸಂರಕ್ಷಕರೂ ಈ ವಿಧಾನ ಬಳಸುತ್ತಾರೆ.

ಮೆಲ್ಬರ್ನ್‌ವಾಸಿ: ಹತ್ತಿಗೆ ಕಂದು ಮಸಿ ಅಂಟಿತು, ಮರದ ಬಣ್ಣ ತಿಳಿಯಾಯಿತು. ಆದರೆ ಬಿಳಿಚಿದ್ದು ಹಾಗೆಯೇ ಇದೆ.

ಬೀಟೆಮರ: ಅದಕ್ಕೇ ಸ್ಪಿರಿಟ್ ಎಂದದ್ದು.

ಬರಹಗಾರ: ಚೌಕಟ್ಟಿನ ಹಿಂಬದಿಯಲ್ಲಿ ಪರೀಕ್ಷಿಸಿ, ಕರಗಿದರೆ ಚೌಕಟ್ಟಿಗೆ ಮಾತ್ರ ಹಚ್ಚಲಿ. ಹೆಸರುಗಳಿರುವ ಹಲಗೆ ಬಿಳಿಚಿದ್ದರೂ ಪರವಾಗಿಲ್ಲ, ಅದನ್ನು ಸಂರಕ್ಷಣಾ ತಜ್ಞರೇ ನೋಡಬೇಕು.