ಅಣಬೆ ಕೋಣೆಗೆ ಗಾಳಿ: ಎಕ್ಸಾಸ್ಟ್ ಹಾಕಿದರೂ ದಂಟು ಉದ್ದ, ಜೊತೆಗೆ ಬೂಷ್ಟು

ಮೂಡಿಗೆರೆ ಕಡೆಯವ:
ಹಂಚಿನ ಮನೆಯ ಕೋಣೆ, 10×10 ಅಡಿ, ಎತ್ತರ 8. ಭತ್ತದ ಹುಲ್ಲಿನ 60 ಬ್ಯಾಗು ಚಿಪ್ಪಣಬೆ. ಗಾಳಿ ಹೊರಗೆಳೆಯುವ 6 ಇಂಚಿನ ಎಕ್ಸಾಸ್ಟ್ ಫ್ಯಾನು ದಿನಕ್ಕೆ ಎರಡು ಗಂಟೆ ಓಡುತ್ತದೆ. ಅಣಬೆಗೆ ದಂಟೇ ದಂಟು, ಕೊಡೆ ನಾಣ್ಯದಷ್ಟು. ಎರಡನೇ ಕೊಯ್ಲಿಗೆ ಹಸಿರು ಬೂಷ್ಟು, ಸಣ್ಣ ನೊಣ. ಫ್ಯಾನು ಜಾಸ್ತಿ ಓಡಿಸಿದರೆ ಬೂಷ್ಟೂ ಜಾಸ್ತಿ. ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ತರಬೇಕಾ?

ಸಕಲೇಶಪುರ:
ಹೆಪಾ ಬೇಡ, ಫ್ಯಾನನ್ನು ತಿರುಗಿಸಿ ಕೂರಿಸಿ. ಎಕ್ಸಾಸ್ಟ್ ಗಾಳಿಯನ್ನು ಹೊರಗೆಳೆದಷ್ಟೂ ಹಂಚಿನ ಸಂದಿ, ಬಾಗಿಲಡಿಯಿಂದ ಸೋಸದ ಗಾಳಿ ಒಳನುಗ್ಗುತ್ತದೆ. ಬೂಷ್ಟು ಹೆಚ್ಚುವುದು ಅದಕ್ಕೇ. ಒಳಕ್ಕೆ ಊದಿದರೆ ಅದೇ ಸಂದಿಗಳಿಂದ ಗಾಳಿ ಹೊರಹೋಗುತ್ತದೆ. ಹಂಚಿನಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿಯಿರಿ.

ಫ್ಯಾನಿನ ಹಿಂದೆ ಪ್ಲೈವುಡ್ ಪೆಟ್ಟಿಗೆ, ಅದರ ಬಾಯಿ 2×2 ಅಡಿ. ಹೊರಗೆ ನೈಲಾನ್ ಜಾಲರಿ, ಒಳಗೆ ಏಸಿ ರಿಪೇರಿಯವರಲ್ಲಿ ಸಿಗುವ ಪಾಲಿಯೆಸ್ಟರ್ ಫಿಲ್ಟರ್ ಬಟ್ಟೆ. ಬಾಯಿ ಚಿಕ್ಕದಾದರೆ ಫ್ಯಾನು ಸುಮ್ಮನೆ ಗುಂಯ್‌ಗುಟ್ಟುತ್ತದೆ, ಗಾಳಿ ಬರುವುದಿಲ್ಲ. ಬಟ್ಟೆ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಇನ್ನೊಂದು ಬಟ್ಟೆ ಒಣಗಿಟ್ಟಿರಬೇಕು, ಒದ್ದೆ ಫಿಲ್ಟರಿನ ಮೇಲೇ ಬೂಷ್ಟು ಬೆಳೆಯುತ್ತದೆ. ಗಾಳಿ ಹೊರಹೋಗಲು ಎದುರು ಗೋಡೆಯಲ್ಲಿ, ನೆಲದ ಹತ್ತಿರ, 8×8 ಇಂಚಿನ ಕಿಂಡಿ, ಅದಕ್ಕೂ ಜಾಲರಿ.

ಪೆಟ್ಟಿಗೆಯ ಬಾಯಿ ಕೊಟ್ಟಿಗೆ, ಗೊಬ್ಬರದ ಗುಂಡಿ, ಕಾಫಿ ಸಿಪ್ಪೆ ರಾಶಿ, ಬಚ್ಚಲೊಲೆ ಹೊಗೆ ಯಾವುದರ ಕಡೆಗೂ ಬೇಡ. ತೋಟಕ್ಕೆ ಬೋರ್ಡೋ (ಶಿಲೀಂಧ್ರನಾಶಕ ದ್ರಾವಣ) ಹೊಡೆಯುವಾಗ ಫ್ಯಾನು ಬಂದ್.

ಬೇಲೂರು ರಸ್ತೆ:
ಲೆಕ್ಕ ಹಾಕಿ ನೋಡಿ. ಕೋಣೆ 800 ಘನ ಅಡಿ, ಅಂದರೆ ಸುಮಾರು 23 ಘನ ಮೀಟರ್. ಫ್ಯಾನಿನ ಡಬ್ಬದ ಮೇಲೆ ಗಂಟೆಗೆ 300 ಘನ ಮೀಟರ್ ಎಂದಿದ್ದರೆ, ಫಿಲ್ಟರ್ ಹಾಕಿದ ಮೇಲೆ 150 ಎಂದೇ ಹಿಡಿಯಿರಿ. 15 ನಿಮಿಷ ಓಡಿ 15 ನಿಮಿಷ ನಿಲ್ಲುವಂತೆ ಟೈಮರ್ ಇಟ್ಟರೆ ಗಂಟೆಗೆ ಮೂರು ಸಲ ಗಾಳಿ ಬದಲಾಗುತ್ತದೆ. ಆಮೇಲೆ ಗಾಳಿ ಅಳೆಯುವ ಮೀಟರ್ ಬೇಡ, ಅಣಬೆಯೇ ಹೇಳುತ್ತದೆ: ದಂಟು ಇನ್ನೂ ಉದ್ದವಿದ್ದರೆ ಗಾಳಿ ಸಾಲದು, ಫ್ಯಾನು ನಿಲ್ಲುವ ಹೊತ್ತು ತಗ್ಗಿಸಿ, ಕೊಡೆಯಂಚು ಒಣಗಿ ಸೀಳಿದರೆ ತೇವ ಸಾಲದು. ಮಾರ್ಚ್‌-ಏಪ್ರಿಲ್‌ನಲ್ಲಿ ಗಾಳಿ ಬೀಳುವ ಕಡೆ ಒದ್ದೆ ಗೋಣಿ ತೂಗುಹಾಕಿ. ತೇವಾಂಶ ಶೇ 85-90 ಇರಲಿ.

ಇದೆಲ್ಲ ಮೊಗ್ಗು ಮೂಡಿದ ಮೇಲಿನ ಮಾತು. ಬೀಜ ಹಾಕಿದ ಮೊದಲ 15-20 ದಿನ, ಬ್ಯಾಗು ಬೆಳ್ಳಗಾಗುವವರೆಗೆ, ಇಷ್ಟು ಗಾಳಿ ಬೇಕಿಲ್ಲ.

ಆಲೂರು:
ಒಂದು ಬಿಟ್ಟುಹೋಯಿತು. ಬೀಜ ಹಾಕಿದ ವಾರದೊಳಗೇ ಹಸಿರು ಕಂಡರೆ ಗಾಳಿಯನ್ನು ಬೈದು ಪ್ರಯೋಜನವಿಲ್ಲ, ಹುಲ್ಲು ಸರಿಯಾಗಿ ಬೆಂದಿಲ್ಲ ಎಂದೇ ಹೆಚ್ಚಾಗಿ ಅರ್ಥ. ಜುಲೈ ಮಳೆಯಲ್ಲಿ ಕೊಡೆಯ ಮೇಲೆ ನೀರು ನಿಂತರೆ ಹಳದಿ ಕಲೆ ಬೀಳುತ್ತದೆ, ನೀರು ಸಿಂಪಡಿಸಿದ ಮೇಲೆ ಕೊಡೆ ಆರುವವರೆಗೆ ಫ್ಯಾನು ನಿಲ್ಲಿಸಬೇಡಿ.

ಮೂಡಿಗೆರೆ ಕಡೆಯವ:
ಇಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಕರೆಂಟ್ ಇರಲ್ಲ. ಆಗ?

ಸಕಲೇಶಪುರ:
ಎದುರುಬದುರು ಕಿಟಕಿಗೆ ಜಾಲರಿ ಬಡಿದು, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ತೆಗೆದಿಡಿ. ದಂಟು ಸ್ವಲ್ಪ ಉದ್ದ ಬಂದೀತು, ಬೆಳೆ ಕೆಡುವುದಿಲ್ಲ. ಕೊಡೆಯಂಚು ಚಪ್ಪಟೆಯಾಗುವ ಮೊದಲೇ ಕೊಯ್ಯಿರಿ. ಬಿಟ್ಟರೆ ಬೀಜಾಣು ಪುಡಿ ಮುಚ್ಚಿದ ಕೋಣೆಯಲ್ಲಿ ತುಂಬಿ ಕೆಮ್ಮು ಹಿಡಿಯುತ್ತದೆ. ಮಾಸ್ಕ್ ಇಲ್ಲದೆ ಒಳಗೆ ಹೋಗಬೇಡಿ.